ಮಾಸ್ಕಿನೊಳಗಿನ ಹೂಂ

ಕೊರೊನಾ ಕಾಲದಲ್ಲಿ ಡಚ್ಚರ ನಾಡಿನ ಆಫೀಸುಗಳು ಮುಚ್ಚಿ, ಅಲ್ಲಿಗೆ ಕೊಡುತ್ತಿದ್ದ ನನ್ನ ಚಕ್ಕುಲಿ, ಕೋಡುಬಳೆಯ ವ್ಯಾಪಾರ ನಿಂತೇಹೋಯಿತು. ಹಾರ್ಲೆಮ್‌ನ ಆಚೆಗಿನ ಒಂದು ಹಳೆಯ ಸಂತೆಯೂರಿನಲ್ಲಿ ಆಹಾರ ಮಾರುವವರಿಗೆ ಮಾತ್ರ ಅನುಮತಿ ಇತ್ತು. ಒಂದೇ ಜಾಗ ಉಳಿದಿದೆ ಎಂದು ತಿಳಿದು ಹೊರಟೆ. ಗೆಳತಿ ವನಜ ಕಾರು ಓಡಿಸಿದಳು.

ಹಿಂದೆ ಚೀಸ್ ತೂಗುತ್ತಿದ್ದ ಕಟ್ಟಡದ ಮುಂದೆ ಸಂತೆಯ ಮೇಲ್ವಿಚಾರಕ ನಿಂತಿದ್ದ. ನಮ್ಮ ಹಿಂದೆ, ಅಂತರ ಬಿಟ್ಟು, ಮೀನು ಮಾರುವವನೊಬ್ಬ ಅದೇ ಜಾಗಕ್ಕೆ ಕಾಯುತ್ತಿದ್ದ.

"ಈ ಮೂಲೆ ನಿಮಗೆ ಬೇಕೇ?" ಮೇಲ್ವಿಚಾರಕ ಡಚ್ಚಿನಲ್ಲಿ ಕೇಳಿದ.

"ಹೂಂ," ಮಾಸ್ಕಿನೊಳಗಿಂದಲೇ ಅಂದೆ.

ಅವನು ಬಾಡಿಗೆ, ಅಂತರ, ನಿಯಮ ಎಲ್ಲವನ್ನೂ ವಿವರಿಸಿದ. "ಬೇಕೇ?"

"ಹೂಂ."

ಮತ್ತೆ ಅದೇ ವಿವರಣೆ, ಈ ಸಲ ಗಟ್ಟಿ ದನಿಯಲ್ಲಿ. ಮೀನಿನವನು ಒಂದು ಹೆಜ್ಜೆ ಮುಂದೆ ಬಂದ. ನಾನು ಇನ್ನೂ ಜೋರಾಗಿ ಹೂಂಗುಟ್ಟಿದೆ.

"ಅಕ್ಕಾ, ನಾನು ಮಾತಾಡ್ಲಾ?"

"ಸುಮ್ನಿರು ವನಜಾ. ಯಾವ ಕ್ಲಾಸಿಗೂ ಹೋಗ್ದೆ ಪುಸ್ತಕ ಓದಿ ಕಲ್ತಿರೋ ಭಾಷೆ ಇದು. ಅವನು ಹೇಳೋದೆಲ್ಲ ನಂಗೆ ಅರ್ಥ ಆಗ್ತಿದೆ."

ಮೇಲ್ವಿಚಾರಕ ಬೇಸತ್ತು ಮೀನಿನವನ ಕಡೆ ತಿರುಗಿದ.

"ನಿಮಗೆ ಅರ್ಥ ಆಗ್ತಿದೆ, ಅವನಿಗೆ ಆಗ್ತಿಲ್ಲ!" ವನಜ ನನ್ನ ತೋಳು ಹಿಡಿದಳು. "ಮಾಸ್ಕಿನೊಳಗಿಂದ ನಿಮ್ಮ 'ಹೂಂ' ಅವನಿಗೆ 'ಹೂ' ಅಂತ ಕೇಳಿಸ್ತಿದೆ. ಇವರ ಭಾಷೇಲಿ 'ಹೂ' ಅಂದ್ರೆ 'ಹೇಗೆ' ಅಂತ. ನೀವು ಹೇಗೆ ಹೇಗೆ ಅಂತಿದ್ದೀರಿ, ಅವನು ಪಾಪ ಹೇಳ್ತಾನೇ ಇದ್ದಾನೆ!"

"ಯಾ! ಯಾ!" ಸಂತೆಗೆಲ್ಲ ಕೇಳುವಂತೆ ಡಚ್ಚಿನಲ್ಲೇ ಹೌದೆಂದು ಕೂಗಿದೆ. ಜಾಗ ಸಿಕ್ಕಿತು.

ವನಜ ಇಂದಿಗೂ "ತಪ್ಪು ನಿಮ್ಮದೇ" ಅನ್ನುತ್ತಾಳೆ. ನಾನು "ಹೂಂ" ಅನ್ನುತ್ತೇನೆ. ಡಚ್ಚಿನ ಹೂಂ.