ಶೇಂಗಾ ಬೆಳೆಯೋರ ಮನೆ ಎಣ್ಣೆ

ಬಿಳಿಚೋಡಿನ ನಮ್ಮ ಹೊಲದಲ್ಲಿ ಈಗಲೂ ಶೇಂಗಾ ಬೆಳೆಯುತ್ತೇವೆ. ಮೊದಲೆಲ್ಲ ಅದನ್ನು ಊರಿನ ಮಿಲ್ಲಿಗೆ ಹಾಕಿದರೆ ಎಣ್ಣೆ, ಹಿಂಡಿ ಎರಡೂ ಮನೆಗೆ ಬರುತ್ತಿದ್ದವು. ಎಣ್ಣೆ ನಮಗೆ, ಹಿಂಡಿ ಎಮ್ಮೆಗೆ. ಪಾಮ್ ಎಣ್ಣೆಯ ಪ್ಯಾಕೆಟ್ಟು ಅಗ್ಗಕ್ಕೆ ಸಿಗತೊಡಗಿದ ಮೇಲೆ ಶೇಂಗಾವನ್ನೆಲ್ಲ ಮಾರಿ ಅಂಗಡಿ ಎಣ್ಣೆ ತರುವುದು ರೂಢಿಯಾಯಿತು. ಮಿಲ್ಲು ಮುಚ್ಚಿತು. ಅದಕ್ಕೆ ಯಾರೂ ಮರುಗಲಿಲ್ಲ, ನಾನೂ ಮರುಗಲಿಲ್ಲ. ಒಪ್ಪದೇ ಹೋದದ್ದು ಎಮ್ಮೆ ಮಾತ್ರ. ಎದುರಿಗೆ ಶೇಂಗಾ ಹಿಂಡಿ ಇಡದಿದ್ದರೆ ಅದು ಹಾಲು ಕರೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಜಗಳೂರಿನಿಂದ ಅದಕ್ಕೆ ಹಿಂಡಿ ಕೊಂಡು ತರುತ್ತೇವೆ.

ಮೊನ್ನೆ ನಲ್ಲೂರಿನಿಂದ ಬೀಗರು ಬಂದಿದ್ದರು. ಅವರು ಅಡಿಕೆ ತೋಟದವರು. ಅವ್ವ ಮಂಡಕ್ಕಿ ಕಲಸಿ, ಬಿಸಿ ಬಿಸಿ ಮಿರ್ಚಿ ಕರಿದು ಕೊಟ್ಟಳು. ಬೀಗರು ಒಂದನ್ನು ಮುರಿದು, ಉಸಿರೆಳೆದುಕೊಂಡು ಹೇಳಿದರು:

"ಏನಂದ್ರೂ ಶೇಂಗಾ ಬೆಳೆಯೋರ ಮನೆ ಬಿಡ್ರಿ. ನಮ್ಮ ಕಡೆ ಎಲ್ಲಾ ಪಾಮ್ ಎಣ್ಣೆ. ಈ ಘಮ ನಮಗೆಲ್ಲಿ ಸಿಗಬೇಕು?"

ಪಾಮ್ ಎಣ್ಣೆಯ ಖಾಲಿ ಪ್ಯಾಕೆಟ್ಟು ಒಲೆಯ ಪಕ್ಕದಲ್ಲೇ ಬಿದ್ದಿತ್ತು. ಅವ್ವ ಅವರ ತಟ್ಟೆಗೆ ಇನ್ನೆರಡು ಮಿರ್ಚಿ ಹಾಕಿದಳು. ಬೀಗರು ಸುಳ್ಳು ಹೇಳಿರಲಿಲ್ಲ. ಶೇಂಗಾ ಘಮ ನನಗೂ ಬರುತ್ತಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು, ಅದರಾಚೆ ಬಕೆಟ್ಟಿನಲ್ಲಿ ಎಮ್ಮೆಯ ಹಿಂಡಿ ನೆನೆಯುತ್ತಿತ್ತು.