ನಾಲ್ಕನೇ ಗುಂಡಿ

ನಿನ್ನೆ ಟಿವಿಯಲ್ಲಿ ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, "ಆ ಗುಂಡಿ ನನಗೆ ಒಂದು ದಿನ ಸುಮ್ಮನೆ ಹೊಳೀತು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಳೆಯಿತಂತೆ! ಈ ಮನುಷ್ಯನಿಗೆ ತಾನು ತೊಟ್ಟ ಅಂಗಿಯಲ್ಲಿ ಎಷ್ಟು ಗುಂಡಿ ಇದೆ ಅಂತ ಗೊತ್ತಿದ್ದರೆ ನಾನು ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ.

"ಟಿವಿಗ್ಯಾಕ್ರೀ ಬೈತೀರಾ, ಅದಕ್ಕೆ ಕೇಳ್ಸತ್ತಾ?" ಅಂದಳು ಹೆಂಡತಿ.

ಬೈಯದೆ ಏನು ಮಾಡಲಿ? ಆ ಗುಂಡಿ ಸುಕ್ಕಕ್ಕನದು.

ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಮೇಜು ಹಂಚಿಕೊಂಡವರು. ನಾನು ಇಸ್ತ್ರಿಯವನು, ಸುಕ್ಕು ತೆಗೆಯುವುದು ನನ್ನ ಕೆಲಸ. ಅವಳು ಹೊಸ ಬಟ್ಟೆಯನ್ನು ಹಳೆಯದು ಮಾಡುವವಳು, ಸುಕ್ಕು ಹಾಕುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಟೀಪುಡಿ ಕುದಿಸಿದ ನೀರು, ಬಟ್ಟೆ ಉಜ್ಜಿ ಸವೆಸುವ ಉಪ್ಪುಕಾಗದ, ಒಂದು ಹಳೆಯ ತಂತಿ ಬ್ರಷ್ಷು, ಇಷ್ಟೇ ಅವಳ ಆಸ್ತಿ. ಅಂಗಡಿಯಿಂದ ಬೆಳಿಗ್ಗೆ ಬಂದ ಪ್ಯಾಂಟು ಸಂಜೆಯ ಹೊತ್ತಿಗೆ ಹತ್ತು ವರ್ಷ ಗಾರೆ ಕೆಲಸ ಮಾಡಿ ಬಂದಿರುತ್ತಿತ್ತು. "ನೀನು ಮಾಡಿದ್ದನ್ನ ನಾನು ಕೆಡಿಸ್ಬೇಕು, ನಾನು ಕೆಡಿಸಿದ್ದನ್ನ ನೀನು ಮುಟ್ಬಾರ್ದು" ಅಂತ ದಿನಕ್ಕೊಂದು ಸಲ ನನ್ನನ್ನು ರೇಗಿಸುತ್ತಿದ್ದಳು.

ಹೋದ ವರ್ಷ ಆ ಹಾರುವ ವೀರನ ಸಿನಿಮಾ ಬಂತು. ಸೂರ್ಯನನ್ನೇ ಕಾಣದ ಒಂದು ಊರು. ಬೀದಿಗಳಲ್ಲೆಲ್ಲ ಎಣ್ಣೆ ದೀಪ. ಖಳ ಒಂದೊಂದೇ ದೀಪ ಆರಿಸುತ್ತಾ ಬರುತ್ತಾನೆ, ವೀರ ಹಾರಿಬಂದು ತಡೆಯುತ್ತಾನೆ. ಖಳನಿಗೆ ಅಂತ ಬಂದ ಕೋಟು ನೋಡಬೇಕಿತ್ತು! ಕಡುಕಪ್ಪು, ಮಿರಮಿರ ಮಿಂಚು, ಭುಜದ ಮೇಲೆ ಮುಳ್ಳು ಬೇರೆ.

ಸುಕ್ಕಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿರ್ದೇಶಕರ ಮುಂದೆ ಹೋಗಿ ನಿಂತಳು. "ಸಾರ್, ಇವನು ದೀಪ ಯಾಕೆ ಆರಿಸ್ತಾನೆ?"

"ವಿಲನ್ ಅಮ್ಮಾ. ಅದಕ್ಕೇ."

"ವಿಲನ್ ಅನ್ನೋದು ಒಂದು ಕೆಲಸಾನಾ ಸಾರ್? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಿದ್ದ?"

ಸುತ್ತ ನಿಂತವರೆಲ್ಲ ನಕ್ಕರು. ನಿರ್ದೇಶಕರೂ ನಕ್ಕು, ಏನಾದರೂ ಮಾಡಿಕೋ ಅನ್ನುವ ಹಾಗೆ ಕೈಯಾಡಿಸಿದರು. ಅವಳು ಅದನ್ನೇ ಅಪ್ಪಣೆ ಅಂದುಕೊಂಡಳು.

ಮುಳ್ಳು ಕಿತ್ತು ಕಸದ ಡಬ್ಬಿಗೆ ಹಾಕಿದಳು. ಆಮೇಲೆ ನಾಲ್ಕು ದಿನ ಕೆಲಸ ಮಾಡುತ್ತಾ ನನಗೆ ಕಥೆ ಹೇಳಿದಳು. ಅವನು ದೀಪ ಹಚ್ಚುವವನಾಗಿದ್ದ. ದಿನಾ ಏಣಿ ಹತ್ತಿ ಎಡಗೈಯನ್ನು ಮೆಟ್ಟಿಲಿಗೆ ಸಿಕ್ಕಿಸಿ ನಿಲ್ಲುತ್ತಿದ್ದ, ಹಾಗಾಗಿ ಎಡ ಮೊಣಕೈ ಸವೆಯಿತು. ಬಲ ತೋಳಿನ ತುದಿಗೆ ಎಣ್ಣೆ ಹಿಡಿಯಿತು. ಬಿಸಿಲಿಲ್ಲದ ಊರಲ್ಲಿ ಬಟ್ಟೆ ಒಣಗಿಸುವುದು ಹೇಗೆ? ದೀಪದ ಪಕ್ಕ ನೇತುಹಾಕಿ. ಹಾಗಾಗಿ ಕೋಟಿನ ಒಂದೇ ಮಗ್ಗುಲು ಬಣ್ಣಗೆಟ್ಟಿತು. "ಆ ಊರಲ್ಲಿ ಬಟ್ಟೆ ಎಲ್ಲಿ ಒಣಗತ್ತೆ ಅಂತ ಯಾರಾದ್ರೂ ಒಬ್ಬರು ಯೋಚಿಸಿರ್ಬೇಕು ಕಣೋ. ಇಲ್ದಿದ್ರೆ ಅದು ಊರಲ್ಲ, ರಟ್ಟು."

"ಸರಿ, ದೀಪ ಹಚ್ತಿದ್ದೋನು ಆರಿಸೋಕೆ ಯಾಕೆ ಶುರು ಮಾಡ್ದ?"

"ಊರಿಗೆಲ್ಲ ದೀಪ ಹಚ್ಚಿದ, ಅವನ ಓಣಿಗೆ ಮಾತ್ರ ಎಣ್ಣೆ ಕೊಡ್ಲಿಲ್ಲ. ಕತ್ತಲಲ್ಲಿ ಹೆಂಡತಿ ಮೆಟ್ಟಿಲಿಂದ ಬಿದ್ದು ಸತ್ತೋದ್ಲು. ನಮಗಿಲ್ಲದ ಬೆಳಕು ಯಾರಿಗೂ ಬೇಡ ಅಂತಾನೆ. ಅವನ ಲೆಕ್ಕದಲ್ಲಿ ಅವನು ಮಾಡೋದೇ ನ್ಯಾಯ. ಕೆಟ್ಟೋನು ಅಂದ್ರೆ ಅಷ್ಟೇ, ಕಾರಣ ಇಟ್ಕೊಂಡಿರ್ತಾನೆ."

ಕೋಟು ನೋಡಿ ನಿರ್ದೇಶಕರು ಕೆಂಡವಾದರು. ಖಳನ ಪಾತ್ರದ ನಟ ಮಾತ್ರ ಅದನ್ನು ತೊಟ್ಟು, ಕನ್ನಡಿ ಮುಂದೆ ಸುಮಾರು ಹೊತ್ತು ನಿಂತು, "ನನಗೆ ಇದೇ ಬೇಕು" ಅಂದ. ದೊಡ್ಡ ನಟ, ಎದುರಾಡುವಂತಿಲ್ಲ. ನಿರ್ದೇಶಕರು ಆ ಸಿಟ್ಟನ್ನೆಲ್ಲ ಸುಕ್ಕಕ್ಕನ ಮೇಲೆ ತಿರುಗಿಸಿದರು. "ಈ ಚಿಂದಿಯಿಂದ ನನ್ನ ಒಂದೇ ಒಂದು ಶಾಟ್ ಹಾಳಾದ್ರೂ ಅವತ್ತೇ ನೀವು ಮನೆಗೆ. ಎಲ್ರೂ ಕೇಳಿಸ್ಕೊಳ್ಳಿ!" ಎಲ್ಲರೂ ಕೇಳಿಸಿಕೊಂಡೆವು. ಅಂಥ ಕೋಟು ಮಾಡಿಕೊಟ್ಟವಳಿಗೆ ಸಿಕ್ಕಿದ ಬಹುಮಾನ ಇದು.

ಅವಳು ಆ ಕೋಟನ್ನು ಯಾರ ಕೈಗೂ ಕೊಡದೆ ತನ್ನ ಬೀರುವಿನಲ್ಲೇ ಇಡತೊಡಗಿದಳು. ಮೂರು ದಿನ ಶೂಟಿಂಗ್ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಬೆಳಿಗ್ಗೆ ಅದನ್ನು ತೆಗೆದು ಗೂಟಕ್ಕೆ ಹಾಕಿ, ಬಣ್ಣ ತರಲು ಉಗ್ರಾಣಕ್ಕೆ ಹೋದಳು. ಗುಂಡಿ ಹೊಲಿದ ಮೇಲೆ ನಾನು ಅದನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಮೂರು ಗುಂಡಿ ಚೊಕ್ಕವಾಗಿದ್ದವು. ನಾಲ್ಕನೆಯದು ಮಾತ್ರ ಬೂದು ದಾರದಲ್ಲಿ, ಸೊಟ್ಟಸೊಟ್ಟ, ಮೇಲುಗಡೆಯೇ ಎರಡು ದಪ್ಪ ಗಂಟು. ಅಯ್ಯೋ, ಇದೊಂದನ್ನು ಅವಸರದಲ್ಲಿ ಹೊಲಿದಿದ್ದಾಳೆ, ಆ ಮನುಷ್ಯನ ಕಣ್ಣಿಗೆ ಬಿದ್ದರೆ ಇವಳ ಕೆಲಸ ಹೋಯಿತು ಅಂದುಕೊಂಡೆ. ಬಿಚ್ಚಿ, ಕಪ್ಪು ದಾರದಲ್ಲಿ, ಗಂಟು ಗುಂಡಿಯಡಿಗೆ ಸೇರಿಸಿ ನೀಟಾಗಿ ಹೊಲಿದುಬಿಟ್ಟೆ. ಮಾಡಿದ್ದು ಒಳ್ಳೆಯದಕ್ಕೇ.

ಅವತ್ತು ಖಳ ಮೊದಲ ಸಲ ಮಾತಾಡುವ ದೃಶ್ಯ. ಅರ್ಧ ಹಿಂದಿನ ದಿನವೇ ಆಗಿತ್ತು. ನಟ ಮಾತಿನ ನಡುವೆ ಗುಂಡಿಗೆ ಕೈ ಹಾಕಿದವನು ತಟ್ಟನೆ ನಿಂತ. ಬಗ್ಗಿ ನೋಡಿದ.

"ಗಂಟು ಎಲ್ಲಿ? ಇದನ್ನ ಯಾರು ಬದಲಾಯಿಸಿದ್ದು?"

ಯಾರಿಗೂ ಏನೂ ಅರ್ಥವಾಗಲಿಲ್ಲ. ಅವನೇ ವಿವರಿಸಿದ: "ಕೋಟು ತೊಡಿಸುವಾಗ ಸುಕ್ಕಕ್ಕ ಹೇಳಿದ್ರು, ಮೂರು ಗುಂಡಿ ಈ ಖಳನ ಹೆಂಡತಿ ಹೊಲಿದದ್ದು. ನಾಲ್ಕನೇದು ಅವಳು ಹೋದ್ಮೇಲೆ ಇವನೇ ಹೊಲಿದದ್ದು. ಮೂರು ದಿನದಿಂದ ನಾನು ಇದೊಂದನ್ನ ಹಿಡ್ಕೊಂಡೇ ಆಕ್ಟ್ ಮಾಡ್ತಿರೋದು."

ನಿರ್ದೇಶಕರು ಆಗಲೇ ಸುಕ್ಕಕ್ಕನ ಮೇಲೆ ಹರಿಹಾಯ್ದಿದ್ದರು. "ಕೋಟು ಇಟ್ಕೊಂಡಿದ್ದು ನೀವು ತಾನೆ? ಬೇರೆ ಯಾರು ಮುಟ್ತಾರೆ? ನಿನ್ನೆ ತೆಗೆದ ಅರ್ಧಕ್ಕೆ ಇದು ಹೊಂದಲ್ಲ, ಶಾಟ್ ಹಾಳಾಯ್ತು, ಇವತ್ತೇ ಮನೆಗೆ ಹೊರಡಿ!" ಅವಳು ಬಗ್ಗಿ ಗುಂಡಿಯನ್ನು ನೋಡಿದಳು. ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದಳು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮನೆಯಲ್ಲಿ ನಾಲ್ಕು ಜನ ನನ್ನನ್ನೇ ನಂಬಿದ್ದರು, ಅವಳು ಹೇಗೂ ಬೇರೆ ಕಡೆ ಕೆಲಸ ಗಿಟ್ಟಿಸಿಕೊಳ್ಳುತ್ತಾಳೆ ಅಂದುಕೊಂಡೆ.

ಅಲ್ಲೇ ಕುರ್ಚಿಯ ಮೇಲೆ ಕೂತು ಆ ಗುಂಡಿಯನ್ನು ಮತ್ತೆ ಸೊಟ್ಟಗೆ ಹೊಲಿದುಕೊಟ್ಟಳು. ತಂತಿ ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಬೇರೆ ಕಡೆ ಅವಳಿಗೆ ಕೆಲಸ ಸಿಗಲಿಲ್ಲ. ಈಗ ಮನೆಯಲ್ಲೇ ಕೂತು ಅಕ್ಕಪಕ್ಕದವರ ಸೀರೆಗೆ ಫಾಲ್ ಹಚ್ಚುತ್ತಾಳೆ.

ಸಿನಿಮಾ ಗೆದ್ದಿತು. ಊರೆಲ್ಲ ಖಳನ ಮಾತೇ, ಅವನ ಸೊಟ್ಟ ಗುಂಡಿಯ ಮಾತೇ. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಶೂಟಿಂಗಿಗೆ ತಂದ ನಾಯಿ ನೋಡಿಕೊಂಡವನ ಹೆಸರೂ ಇದೆ, ಅವಳದ್ದಿಲ್ಲ. ಈಗ ಈ ಮಹಾನುಭಾವ ಟಿವಿಯಲ್ಲಿ ಕೂತು ಹೊಳೆಯಿತು ಅನ್ನುತ್ತಾನೆ! ತಡೆಯಲಾಗದೆ ಫೋನ್ ಮಾಡಿದೆ.

"ಅಕ್ಕ, ನೋಡಿದ್ಯಾ ಆ ಕಳ್ಳನ್ನ? ಸುಮ್ನೆ ಬಿಡಬೇಡ. ಪೇಪರಿಗೆ ಬರೆದು ಹಾಕು. ನಾನೇ ಸಾಕ್ಷಿ ಹೇಳ್ತೀನಿ."

"ಏನಂತ ಬರೀಲಿ? ಆ ಗುಂಡಿ ಹೊಲಿದವಳು ನಾನು ಅಂತಲಾ?"

"ಮತ್ತಿನ್ನೇನು!"

"ಹಾಗಾದ್ರೆ ಅದನ್ನ ಬಿಚ್ಚಿದ್ದು ಯಾರು ಅಂತಾನೂ ಬರೀಬೇಕಾಗತ್ತಲ್ಲೋ."

ಹೆಂಡತಿಗೆ ಕೇಳಿಸಬಾರದು ಅಂತ ಫೋನ್ ಹಿಡಿದುಕೊಂಡು ಹೊರಗೆ ಬಂದೆ.

"ಗಂಟನ್ನ ಗುಂಡಿ ಅಡಿ ಬಚ್ಚಿಡೋನು ಆ ಕೋಣೇಲಿ ನೀನೊಬ್ಬನೇ ಕಣೋ. ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ."