ನಮ್ಮದು ಕೆಪ್ಪರ ಮನೆ

ನನ್ನ ದನಿ ಸಣ್ಣದು ಎಂದು ನೀವೆಲ್ಲ ನಗುತ್ತೀರಿ. ಫೋನು ಹಿಡಿದರೆ "ಅಜ್ಜಿ, ಗಟ್ಟಿಯಾಗಿ ಮಾತಾಡು" ಅನ್ನುತ್ತೀರಿ. ಆದರೆ ನಾನು ಬೆಳೆದದ್ದು ಉಪ್ಪು ಬೇಕೆಂದರೂ ಕೂಗಬೇಕಾದ, ಬೇಡವೆಂದರೂ ಕೂಗಬೇಕಾದ ಮನೆಯಲ್ಲಿ.

ನಾನು ಕೈಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಅವ್ವ ನನ್ನನ್ನು ಎತ್ತಿಕೊಂಡು ಉಮ್ಮತ್ತೂರಿನ ಕಡೆಯ ತನ್ನ ತವರಿಗೆ ಬಂದಳು. ಅವಳ ಅಣ್ಣನಿಗೂ ತಮ್ಮನಿಗೂ ಕಿವಿ ಮಂದ. ಅಣ್ಣ ಸಣ್ಣ ವಯಸ್ಸಿಗೇ ಹೋದವನು, ನನಗೆ ಅವನ ಮುಖ ನೆನಪಿಲ್ಲ. ತಮ್ಮ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅವನೇ ನನ್ನ ಚಿಕ್ಕಮಾವ. ಶಾಲೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು ಅವನೇ. ನಾನು ಅವನ ಬಲಗಿವಿಗೆ ಬಾಯಿಟ್ಟು "ಮಾವ, ಬಾವಿ ಹಗ್ಗ ಎಲ್ಲಿ?" ಎಂದು ಕೂಗಿದರೆ, "ಬಾವಿಗ್ ಯಾಕಮ್ಮಿ ಹೆಗ್ಗಣ ಬಿತ್ತು?" ಅನ್ನುತ್ತಿದ್ದ. ಅದರಲ್ಲಿ ಅರ್ಧ ಕೇಳಿಸದೆ ಅಂದದ್ದು, ಇನ್ನರ್ಧ ನನ್ನನ್ನು ನಗಿಸಲು ಬೇಕೆಂದೇ ಅಂದದ್ದು. ಯಾವುದು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿನವರು ನಮ್ಮ ಮನೆಗೆ ಇಟ್ಟ ಹೆಸರು ಕೆಪ್ಪರ ಮನೆ. ಹಿಟ್ಟಿನ ಮಿಲ್ಲಿನಲ್ಲಿ ಸರದಿಗೆ ನಿಂತರೆ "ಕೆಪ್ರ ಮನೆ ಕೂಸು ಬಂದದೆ ನೋಡಿ" ಅನ್ನುತ್ತಿದ್ದರು. ಅವರೇನು ಕೆಟ್ಟದ್ದಕ್ಕೆ ಅನ್ನುತ್ತಿರಲಿಲ್ಲ. ಆದರೂ ನನಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ನನ್ನನ್ನು ನೋಡಲು ಗುಂಡ್ಲುಪೇಟೆಯಿಂದ ಗಂಡಿನ ಕಡೆಯವರು ಬರುವ ದಿನ ಅವ್ವ ಚಿಕ್ಕಮಾವನ ಕೈಗೆ ಬುತ್ತಿ ಕೊಟ್ಟು, "ಇವತ್ತೊಂದಿನ ಒಲದ ತಾವೇ ಇರಪ್ಪ" ಎಂದು ಸನ್ನೆ ಮಾಡಿ ಹೇಳಿದಳು. ಅವನು ಯಾಕೆ ಎಂದು ಕೇಳಲಿಲ್ಲ. ನಗುತ್ತಲೇ ಹೋದ. ಅವ್ವ ನನ್ನ ಕಡೆ ತಿರುಗಿ, "ಮೆಲ್ಗ ಮಾತಾಡಮ್ಮಿ. ಮನೆ ಎಸ್ರು ಗೊತ್ತಾದ್ರ ಯಾರೂ ಕಟ್ಕೊಳಕಿಲ್ಲ" ಅಂದಳು. ನನ್ನ ದನಿ ಸಣ್ಣದಾದದ್ದು ಅವತ್ತಿನಿಂದ.

ಆ ಹೊತ್ತಿಗೆ ಚಿಕ್ಕಮಾವನ ಮುಖ ಬೆಳಿಗ್ಗೆ ಎದ್ದಾಗ ಊದಿಕೊಂಡಿರುತ್ತಿತ್ತು. ನಿದ್ದೆ ಹೆಚ್ಚಾಗಿದೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಲಗ್ನಕ್ಕೆ ಇನ್ನು ಎರಡು ತಿಂಗಳಿದೆ ಅನ್ನುವಾಗ ಕಾಲು, ಹೊಟ್ಟೆ ಎಲ್ಲ ಊದಿ ತೀರಿಹೋದ. ಬೀಗರಿಗೆ ಕಾಮಾಲೆ ಎಂದು ಹೇಳಿಕಳಿಸಿದರು. ಮದುವೆಯ ದಿನ ನನ್ನ ಕಿವಿ ಅವನ ಕೂಗನ್ನೇ ಹುಡುಕುತ್ತಿತ್ತು.

ನಿಮ್ಮ ತಾತ ಆಗ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಈರುಳ್ಳಿಯ ಘಾಟು ಬರುತ್ತಿತ್ತು. ಕೇರಳಕ್ಕೆ ಹೋಗುವ ಲಾರಿಗಳೆಲ್ಲ ನಮ್ಮ ಬೀದಿಯ ತುದಿಯಲ್ಲೇ ತಿರುಗುತ್ತಿದ್ದವು. ಅವುಗಳ ಹಾರನ್ನು ಕೇಳಿ ನಿಮ್ಮಪ್ಪ ಚಿಕ್ಕವನಿದ್ದಾಗ ಯಾವ ಲಾರಿಯೆಂದು ಹೇಳುತ್ತಿದ್ದ. ಒಂದು ದಿನ ಹೇಳುವುದನ್ನು ನಿಲ್ಲಿಸಿದ. ಆಟ ಬೇಸರವಾಗಿರಬೇಕು ಎಂದು ನಿಮ್ಮ ತಾತ ಅಂದರು. ನಾನೂ ಹೂಂ ಅಂದೆ.

ಅವನು ಏಳನೇ ಕ್ಲಾಸಿನಲ್ಲಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ರೇಡಿಯೋದ ದನಿ ಪೂರ್ತಿ ಏರಿಸುತ್ತಿದ್ದ. ಮೇಷ್ಟರು ಗಮನ ಕೊಡುವುದಿಲ್ಲ ಎಂದು ದೂರಿದಾಗ, ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ಇವನಿಗೆ ಬೋರ್ಡು ಮಂಜು ಮಂಜಾಗಿ ಕಾಣುತ್ತೆ ಸಾ, ಮುಂದಿನ ಬೆಂಚಿಗೆ ಕೂರಿಸಿ" ಎಂದು ಸುಳ್ಳು ಹೇಳಿ ಬಂದೆ. ಕಣ್ಣಿನ ಕುಂದಾದರೆ ಪರವಾಗಿಲ್ಲ, ಕಿವಿಯದು ಬೇಡ ಅನ್ನಿಸಿತ್ತು.

ಅದೇ ವರ್ಷ ನೆಗಡಿ ಜ್ವರ ಬಂದ ಮೂರನೇ ದಿನ, ಬಚ್ಚಲಿನಿಂದ "ಅವ್ವಾ, ಇಲ್ಲಿ ನೋಡು" ಎಂದು ಕೂಗಿದ. ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

ಉಷ್ಣ ಅಂದರು. ಎಳನೀರು, ಜೀರಿಗೆ ನೀರು, ಬಾರ್ಲಿ ಗಂಜಿ ಎಲ್ಲ ಆಯಿತು. ಬಣ್ಣ ಹೋಯಿತು. ಮುಂದಿನ ನೆಗಡಿಗೆ ಮತ್ತೆ ಬಂತು. ಹತ್ತಿರದ ಡಾಕ್ಟರು ಕಲ್ಲಿರಬೇಕು ಅಂದಾಗ ಬಾಳೆದಿಂಡಿನ ರಸ ಶುರುವಾಯಿತು. ದಿನಾ ಬೆಳಿಗ್ಗೆ ದಿಂಡು ಹೆಚ್ಚಿ, ನಾರು ಬೆರಳಿಗೆ ಸುತ್ತಿ ತೆಗೆದು, ಅರೆದು ಹಿಂಡುತ್ತಿದ್ದೆ. ನಿಮ್ಮಪ್ಪ ಮೂಗು ಹಿಡಿದುಕೊಂಡು ಕುಡಿದು, "ನಾನೇನು ಆನೆ ಮರಿಯಾ?" ಅನ್ನುತ್ತಿದ್ದ. ಒಂದು ಕಲ್ಲೂ ಬೀಳಲಿಲ್ಲ.

ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ನಿಧಾನವಾಗಿ ನೋಡುತ್ತಾರೆ ಎಂದು ಕೇಳಿ, ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅರಿಶಿನದ ಹೊಲಗಳು. ನಿಮ್ಮಪ್ಪ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅಷ್ಟು ದೊಡ್ಡವನಾದ ಮೇಲೆ ಅವನು ಹಾಗೆ ಮಲಗಿದ್ದು ಆ ದಿನಗಳ ಬಸ್ಸುಗಳಲ್ಲಿ ಮಾತ್ರ. ಅದಕ್ಕೇ ಇರಬೇಕು, ಆ ಓಡಾಟವನ್ನು ನೆನೆದರೆ ದುಃಖಕ್ಕಿಂತ ಮುಂಚೆ ಅವನ ಕೂದಲಿನ ಹರಳೆಣ್ಣೆ ವಾಸನೆ ನೆನಪಾಗುತ್ತದೆ.

ಆ ಡಾಕ್ಟರು ಉಚ್ಚೆಯನ್ನು ಗಾಜಿನ ಕೊಳವೆಯಲ್ಲಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಯಿಸಿದರು. ಮೇಲುಗಡೆ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಯಿತು. ಅವರು ಬಹಳ ಹೊತ್ತು ಅದನ್ನೇ ನೋಡಿ, "ಇದು ಕಲ್ಲಲ್ಲಮ್ಮ. ಕಿಡ್ನಿ ಸೋರ್ತಾ ಇದೆ. ನನಗೆ ಗೊತ್ತಿರೋದು ಇಷ್ಟೇ. ಕಿಡ್ನಿ ಒಂದನ್ನೇ ನೋಡೋ ಡಾಕ್ಟರು ಇರ್ತಾರೆ, ಅವರನ್ನ ಹುಡುಕಿ. ತಡ ಮಾಡಬೇಡಿ" ಅಂದರು.

ಹುಡುಕುವುದು ಎಲ್ಲಿ? ನಿಮ್ಮ ತಾತ ಮಂಡಿಗೆ ಬಂದ ಡ್ರೈವರುಗಳನ್ನೆಲ್ಲ ಕೇಳಿದರು. ತಕ್ಕಡಿಗೆ ಮೂಟೆ ಏರಿಸುತ್ತಲೇ, "ಅಣ್ಣೋ, ಕಿಡ್ನಿಗ ಒಳ್ಳೆ ಡಾಕ್ಟ್ರು ಎಲ್ಲವ್ರೆ?" ಎನ್ನುವುದು. ಒಬ್ಬ ವಯನಾಡಿನಿಂದ ಯಾವುದೋ ಬೇರು ತಂದುಕೊಟ್ಟ. ಇನ್ನೊಬ್ಬ ಹೇಳಿದ ವಿಳಾಸ ಹಿಡಿದು ಮೈಸೂರಿಗೆ ಹೋದರೆ ಅವರು ಕಲ್ಲು ತೆಗೆಯುವ ಸರ್ಜನ್ನು. "ಕಲ್ಲೇ ಇಲ್ಲವಲ್ರೀ, ಏನು ತೆಗೀಲಿ?" ಎಂದು ವಾಪಸು ಕಳಿಸಿದರು.

ಕೊನೆಗೆ ದಾರಿ ಸಿಕ್ಕಿದ್ದು ಪಕ್ಕದ ಮನೆಯಲ್ಲೇ. ಅಲ್ಲಿ ಬಾಡಿಗೆಗಿದ್ದ ಮಲಯಾಳಿ ನರ್ಸ್ ಹುಡುಗಿ ನನಗೆ ಚೇಚಿ, ಅಂದರೆ ಅಕ್ಕ, ನಿಮ್ಮ ತಾತನಿಗೆ ಚೇಟ್ಟಾ, ಅಂದರೆ ಅಣ್ಣ, ಅನ್ನುತ್ತಿದ್ದಳು. ನಾನು ನಾಚಿಕೊಂಡು ಅವಳಿಗೆ ಏನೂ ಹೇಳಿರಲಿಲ್ಲ. ಒಂದು ದಿನ ನಾನು ಬಾಳೆದಿಂಡು ಹೆಚ್ಚುವುದನ್ನು ಗೋಡೆಯಾಚೆಯಿಂದ ನೋಡಿ, "ದಿನಾ ಯಾಕೆ ಚೇಚಿ ಇದು, ಯಾರಿಗೆ?" ಎಂದಳು. ಕೇಳಿಸಿಕೊಂಡ ಮೇಲೆ ಒಂದು ಚೀಟಿಯಲ್ಲಿ ಉದ್ದದ ಇಂಗ್ಲಿಷ್ ಪದ ಬರೆದು, ನಿಮ್ಮ ತಾತನಿಗೆ ಓದಿ ಹೇಳಿದಳು. "ನೆಫ್ರಾಲಜಿಸ್ಟ್."

"ನೇಪಾಳದೋರಾ?" ಅಂದರು ನಿಮ್ಮ ತಾತ. "ಅಷ್ಟು ದೂರ ಎಂಗಮ್ಮ ಓಗದು?"

"ಅಯ್ಯೋ ಚೇಟ್ಟಾ, ನೇಪಾಳ ಅಲ್ಲ! ಕಿಡ್ನಿ ಡಾಕ್ಟರ್ ಅಂದ್ರೆ ಹಾಗೆ ಹೇಳೋದು." ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಅಂಥವರೊಬ್ಬರು ಮೈಸೂರಿಗೆ ಬರುತ್ತಾರೆ ಎಂದು ತನ್ನ ಗೆಳತಿಯಿಂದ ವಿಚಾರಿಸಿ ತಿಳಿಸಿದ್ದೂ ಅವಳೇ. ಆಮೇಲೆ ಬಹಳ ದಿನ ಆ ಡಾಕ್ಟರು ನಮ್ಮ ಮನೆಯಲ್ಲಿ ನೇಪಾಳದ ಡಾಕ್ಟರೇ ಆಗಿದ್ದರು.

ಅವರು ನಲವತ್ತರ ಆಸುಪಾಸಿನವರು. ಅವಸರವಿಲ್ಲದ ಮಾತು. ಕಾಗದಗಳನ್ನೆಲ್ಲ ನೋಡಿ, ನಿಮ್ಮಪ್ಪನ ಕಣ್ಣುರೆಪ್ಪೆ, ಕಾಲು ಒತ್ತಿ ನೋಡಿ, ಮನೆಯಲ್ಲಿ ಯಾರಿಗಾದರೂ ಮೈ ಊತ ಬಂದಿತ್ತೇ, ಯಾರಾದರೂ ಸಣ್ಣ ವಯಸ್ಸಿಗೆ ಹೋದರೇ ಎಂದೆಲ್ಲ ಕೇಳಿದರು. ನಿಮ್ಮ ತಾತ ತಮ್ಮ ಕಡೆಯದನ್ನೆಲ್ಲ ಹೇಳಿದರು. ಆಮೇಲೆ ಡಾಕ್ಟರು, "ಯಾರಿಗಾದರೂ ಕಿವಿ ಕೇಳಿಸದೆ ಇದ್ದದ್ದುಂಟಾ?" ಅಂದರು.

ಕಿಡ್ನಿಗೂ ಕಿವಿಗೂ ಏನು ಸಂಬಂಧ? ನಾನು ಬಾಯಿ ತೆರೆಯುವ ಮುಂಚೆಯೇ ನಿಮ್ಮ ತಾತ, "ಇಲ್ಲ ಸಾ, ಯಾರ್ಗೂ ಇಲ್ಲ" ಅಂದರು.

ಹಾಗಾದರೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಸಣ್ಣ ಚೂರು ತೆಗೆದು ನೋಡಬೇಕಾಗುತ್ತದೆ, ಅದಕ್ಕೆ ಅಡ್ಮಿಟ್ ಮಾಡಿ ಎಂದು ಬರೆದುಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಿಮ್ಮಪ್ಪ ನನ್ನ ಮುಖವನ್ನೇ ನೋಡುತ್ತ, "ಅವ್ವ, ಡಾಕ್ಟ್ರು ಏನಂದ್ರು?" ಎಂದು ಕೇಳಿದ. ಅವರೆದುರಿಗೇ ಕೂತಿದ್ದವನು ಅವನು. ಅವರ ಮೆಲುಮಾತಿನಲ್ಲಿ ಒಂದು ಪದವೂ ಅವನ ಕಿವಿಗೆ ಬಿದ್ದಿರಲಿಲ್ಲ. ಚಿಕ್ಕಮಾವ ಕೂಡ ಹೀಗೆಯೇ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ನನ್ನ ಮುಖ ನೋಡುತ್ತಿದ್ದ. ಅವನ ಊದಿದ ಮುಖವೂ ಆಗಲೇ ಕಣ್ಣಮುಂದೆ ಬಂತು.

ಮುಂದಿನ ರೋಗಿಯ ಹೆಸರು ಕೂಗುತ್ತಿದ್ದರು. ನಾನು ಅವರನ್ನು ದಾಟಿ ಒಳಗೆ ನುಗ್ಗಿದೆ. ಜೀವಮಾನದಲ್ಲಿ ಯಾರ ಸರದಿಯನ್ನೂ ತಪ್ಪಿಸಿದವಳಲ್ಲ ನಾನು. ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ.

ಡಾಕ್ಟರು ಮುಂದಕ್ಕೆ ಬಾಗಿ, "ಏನಮ್ಮ? ಸ್ವಲ್ಪ ಗಟ್ಟಿಯಾಗಿ ಹೇಳಿ, ಕೇಳಿಸಲಿಲ್ಲ" ಅಂದರು.

"ನಮ್ದು ಕೆಪ್ರ ಮನೆ ಸಾ!" ಎಂದು ಕೂಗಿದೆ. ನಮ್ಮ ಊರಿನ ಮನೆಯಲ್ಲಿ ಕೂಗುತ್ತಿದ್ದ ಹಾಗೆಯೇ. ಹೊರಗಿನ ಬೆಂಚಿನವರೆಲ್ಲ ತಿರುಗಿದರು. ನಿಮ್ಮ ತಾತ ಬಾಗಿಲಲ್ಲಿ ನಿಂತಿದ್ದರು. "ನಮ್ಮವ್ವನ ಅಣ್ಣ ಕೆಪ್ಪ, ತಮ್ಮ ಕೆಪ್ಪ. ಇಬ್ರೂ ಮೂವತ್ತು ತುಂಬದ್ಕೆ ಮೊದ್ಲೇ ಹೋದ್ರು. ಇವನ್ಗೂ ಕೇಳ್ಸಲ್ಲ. ನಂಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ."

ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಕೂತ್ಕೊಳ್ಳಿ ತಾಯಿ" ಅಂದರು. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡರು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಇಬ್ಬರು ಮಾವಂದಿರ ಚೌಕಕ್ಕೆ ಮಸಿ ತುಂಬಿದರು. ಕೆಳಗೆ ನಿಮ್ಮಪ್ಪನ ಚೌಕಕ್ಕೂ. ಅವ್ವನ ಸುತ್ತಿನೊಳಗೆ, ನನ್ನ ಸುತ್ತಿನೊಳಗೆ ಒಂದೊಂದು ಚುಕ್ಕೆ ಇಟ್ಟರು, ಹಣೆಗೆ ಕುಂಕುಮ ಇಟ್ಟ ಹಾಗೆ. ಇದು ತಾಯಂದಿರು ಒಳಗೇ ಹೊತ್ತುಕೊಂಡು ಬರುವ ಕಾಯಿಲೆ, ಕಿಡ್ನಿ ಮತ್ತು ಕಿವಿ ಎರಡಕ್ಕೂ ತಗಲುತ್ತದೆ, ಗಂಡುಮಕ್ಕಳಿಗೆ ಜೋರು ಎಂದು ಬಿಡಿಸಿ ಹೇಳಿದರು. ನನ್ನ ಉಚ್ಚೆಯನ್ನೂ ಪರೀಕ್ಷೆಗೆ ಕೊಡಿಸಿದರು. ಅದರಲ್ಲೂ ಕಣ್ಣಿಗೆ ಕಾಣದಷ್ಟು ರಕ್ತವಿತ್ತು. "ಸೂಜಿ ಈಗ ಬೇಡ. ಮೊದಲು ಕಿವಿ, ಕಣ್ಣು ತೋರಿಸೋಣ" ಅಂದರು. ವಾಸಿ ಮಾಡುವ ಔಷಧ ಇಲ್ಲ, ಆದರೆ ಬಿ.ಪಿ. ಹಿಡಿದಿಟ್ಟು ಮಾತ್ರೆ ತಪ್ಪಿಸದಿದ್ದರೆ ಕಿಡ್ನಿ ಸೋಲುವುದನ್ನು ವರ್ಷಗಟ್ಟಲೆ ಮುಂದೆ ತಳ್ಳಬಹುದು ಎಂದರು. ಮುಂದಿನ ಸಲ ಬರುವಾಗ ನಿಮ್ಮ ಮನೆತನದಲ್ಲಿ ಇಂಥವರು ಇನ್ನು ಯಾರಿದ್ದರು ಎಂದು ಕೇಳಿಕೊಂಡು ಬನ್ನಿ ಎಂದೂ ಹೇಳಿದರು.

ವಾಪಸು ಬರುವಾಗ ಬಸ್ಸು ನಂಜನಗೂಡು ದಾಟಿದರೂ ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಬೇಗೂರು ಹತ್ತಿರ ಬರುವಾಗ ನಿಮ್ಮ ತಾತ ಮೆಲ್ಲಗೆ ನಕ್ಕರು.

"ನಿನ್ನ ನೋಡಕ ಬಂದ್ವಲ್ಲ ಅವತ್ತು, ದಾರಿ ತಪ್ಪಿ ಒಲದ ತಾವ್ಕ ಓಗ್ಬುಟ್ಟಿದ್ದೋ. ಮಾವಿನ ಮರದ ಕೆಳಗ ಒಬ್ಬ ಬುತ್ತಿ ಬಿಚ್ಕೊಂಡು ಕೂತಿದ್ದ. 'ಹೆಣ್ಣು ನೋಡಕ ಬಂದೀವಿ' ಅಂದೆ. 'ಹಣ್ಣಾ? ಇನ್ನೂ ಕಾಯಿ ಕಣಪ್ಪ, ಮುಂದಿನ್ ತಿಂಗ್ಳು ಬನ್ನಿ' ಅಂದ."

ನಾನು ತಿರುಗಿ ನೋಡಿದೆ.

"ಆಮೇಲೆ ನಿಮ್ಮನೆಗ ಬಂದ್ರ ನಿಮ್ಮವ್ವನ್ ಮುಖ, ಅವನ್ ಮುಖ ಒಂದೇ ಅಚ್ಚು. ನಂಗ ಅವತ್ತೇ ಗೊತ್ತಿತ್ತು ಕಣಮ್ಮಿ."

"ಮತ್ಯಾಕ ಡಾಕ್ಟ್ರಿಗೆ ಇಲ್ಲ ಅಂದ್ರಿ?"

"ನೀನು ಇಷ್ಟು ವರ್ಷ ಮುಚ್ಚಿಟ್ಕೊಂಡು ಬಂದಿದ್ದೀಯೆ. ಗುರ್ತಿಲ್ದೋರ ಮುಂದ ನಾನ್ಯಾಕ ಬಿಚ್ಚನ ಅಂತ ಇಲ್ಲ ಅಂದೆ. ಅದ್ಕೂ ಇದ್ಕೂ ನಂಟದೆ ಅಂತ ನಂಗೇನು ಗೊತ್ತು?"

ನಾನು ಅವರಿಗೆ ತಿಳಿಯಬಾರದೆಂದು ಮುಚ್ಚಿಟ್ಟಿದ್ದೆ. ತಿಳಿದಿದೆ ಎಂದು ನನಗೆ ತಿಳಿಯಬಾರದೆಂದು ಅವರು ಮುಚ್ಚಿಟ್ಟಿದ್ದರು. ನಡುವೆ ನಿಮ್ಮಪ್ಪ ಏನೂ ಕೇಳಿಸದೆ ನಿದ್ದೆ ಹೋಗಿದ್ದ.

ಅದೇ ವಾರ ಅವ್ವನಲ್ಲಿಗೆ ಹೋದೆ. ಆ ಹೊತ್ತಿಗೆ ಅವಳಿಗೂ ಕಿವಿ ಮಂದವಾಗಿತ್ತು. ಜಗಲಿಯ ಮೇಲೆ ಕೂತು, ನಾನು ಕೂಗಿ ಕೇಳಬೇಕು, ಅವಳು ಕೂಗಿ ಹೇಳಬೇಕು. "ಸತ್ತೋರ ಕಿವಿ ಯಾಕಮ್ಮಿ ಈಗ ಕೆದಕೀಯೆ?" ಎಂದು ರೇಗಿದಳು. ಮೊಮ್ಮಗನ ವಿಷಯ ತಿಳಿದ ಮೇಲೆ, "ಅಂಗಾರ ನಾನೇ ಕೊಟ್ಟನಾ ಕೂಸ್ಗ?" ಅಂದಳು. "ನೀನೂ ಇಸ್ಕೊಂಡಿದ್ದೇ ಕಣವ್ವ" ಎಂದು ಕೂಗಿದೆ. ಆಮೇಲೆ ಒಬ್ಬೊಬ್ಬರನ್ನೇ ನೆನೆದು ಹೇಳಿದಳು. ಎದುರು ಮನೆಯ ಮುದುಕಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಅಲ್ಲಿಂದಲೇ, "ಪುಣಜನೂರವನ್ನ ಬುಟ್ಬುಟ್ಟೆಲ್ಲವ್ವ, ನಿಮ್ಮಜ್ಜಿ ತಮ್ಮನ್ನ! ಅವ್ನೂ ಕೆಪ್ಪನೇ!" ಎಂದು ಸೇರಿಸಿದಳು. ನಾನು ಮುಚ್ಚಿಟ್ಟದ್ದು ಊರಿಗೆಲ್ಲ ಬಾಯಿಪಾಠವಾಗಿತ್ತು. ಅವತ್ತು ಆ ಜಗಲಿಯಲ್ಲಿ ನಾವು ಕೂಗಾಡಿದ್ದು ನನಗೆ ಬಹಳ ಹಿತವಾಗಿತ್ತು. ಒಳಗಿನಿಂದ ಚಿಕ್ಕಮಾವ "ಏನಮ್ಮಿ ಅದು ಹೆಗ್ಗಣ?" ಎಂದು ಕೇಳಿಕೊಂಡು ಬರುತ್ತಾನೇನೋ ಅನ್ನಿಸಿತ್ತು.

ನಿಮ್ಮಪ್ಪನ ಕಿವಿಗೆ ಮಿಷನ್ನು ಬಂತು. ಮೊದಲ ದಿನ ಬೀದಿಯ ತುದಿಗೆ ಓಡಿಹೋಗಿ ಲಾರಿಗಳ ಹಾರನ್ನು ಕೇಳುತ್ತ ನಿಂತ. ಮಾತ್ರೆ, ಉಪ್ಪು ಕಮ್ಮಿಯ ಸಾರು, ತಿಂಗಳು ತಿಂಗಳು ಮೈಸೂರು, ಹೀಗೆ ಹದಿನಾರು ವರ್ಷ ತಳ್ಳಿದೆವು. ಮುಂದೆ ನಿಮ್ಮ ತಾತ ತಮ್ಮದೊಂದು ಕಿಡ್ನಿ ಕೊಟ್ಟದ್ದು ನಿಮಗೆ ಗೊತ್ತಿರುವುದೇ. ಅವರು ಹೋಗಿ ನಾಲ್ಕು ವರ್ಷವಾಯಿತು. ಅದು ಇನ್ನೂ ಕೆಲಸ ಮಾಡುತ್ತಿದೆ.

ಡಾಕ್ಟರು ಬರೆದ ಹಾಳೆ ನನ್ನ ಟ್ರಂಕಿನಲ್ಲಿದೆ. ಪುಣಜನೂರಿನ ಅಜ್ಜನನ್ನೂ ಅವರು ಮೇಲೆ ಸೇರಿಸಿದ್ದಾರೆ. ನಿಮ್ಮಪ್ಪನ ಚೌಕದ ಕೆಳಗೆ ಜಾಗ ಬಿಟ್ಟಿದ್ದರು. ಅಲ್ಲಿ ನಾನು ಪೆನ್ಸಿಲಿನಲ್ಲಿ ನಿಮ್ಮನ್ನು ಬರೆದಿದ್ದೇನೆ. ಒಂದು ಚೌಕ, ಎರಡು ಸುತ್ತು. ಅಪ್ಪನಿಂದ ಗಂಡುಮಗನಿಗೆ ಇದು ದಾಟುವುದಿಲ್ಲವಂತೆ, ಹಾಗಾಗಿ ಚೌಕ ಖಾಲಿ. ಹೆಣ್ಣುಮಕ್ಕಳಿಗೆ ದಾಟಿಯೇ ದಾಟುತ್ತದೆ. ನಿಮ್ಮಿಬ್ಬರ ಸುತ್ತಿನೊಳಗೂ ಚುಕ್ಕೆ ಇಟ್ಟಿದ್ದೇನೆ ಕಣ್ರಮ್ಮ. ನಿಮ್ಮನ್ನು ನೋಡಲು ಯಾರಾದರೂ ಬಂದ ದಿನ ಈ ಹಾಳೆಯನ್ನು ಕಾಫಿ ಲೋಟದ ಪಕ್ಕದಲ್ಲೇ ಇಡಿ. ಯಾರನ್ನೂ ಬುತ್ತಿ ಕಟ್ಟಿ ಹೊಲಕ್ಕೆ ಕಳಿಸಬೇಡಿ.